ಮರಿ ಬೆಕ್ಕಿಗೆ ಹೊಟ್ಟೆ ಕೆಟ್ಟರೆ ಮೊದಲು ಊಟ ಬದಲಿಸುವುದನ್ನು ನಿಲ್ಲಿಸಿ

ಮರಿಗೆ ಭೇದಿ ಶುರುವಾದ ತಕ್ಷಣ ಎಲ್ಲರೂ ಮಾಡುವ ಕೆಲಸ ಒಂದೇ. ಊಟ ಬದಲಿಸುವುದು. ಬೆಳಿಗ್ಗೆ ಒಂದು ಬ್ರ್ಯಾಂಡ್, ಸಂಜೆ ಇನ್ನೊಂದು, ಮಾರನೇ ದಿನ ಬೇಯಿಸಿದ ಕೋಳಿ, ಆಮೇಲೆ ಯಾರೋ ಹೇಳಿದರು ಅಂತ ಮತ್ತೇನೋ. ಪಾಪ, ಅದರ ಕರುಳಿಗೆ ಮೊದಲನೆಯದಕ್ಕೇ ಒಗ್ಗಿಕೊಳ್ಳಲು ಪುರುಸೊತ್ತು ಸಿಕ್ಕಿರುವುದಿಲ್ಲ. ಹೊಸ ಮನೆಗೆ ಬಂದ ಮರಿಗೆ ಹೊಟ್ಟೆ ಕೆಡುವುದೇ ಎಷ್ಟೋ ಸಲ ಊಟ ದಿಢೀರನೆ ಬದಲಾಗಿದ್ದಕ್ಕೆ. ಅದಕ್ಕೆ ಮದ್ದು ಅಂತ ನಾವು ಮತ್ತೆ ಅದನ್ನೇ ಮಾಡುತ್ತೇವೆ! ಹೊಸ ಊಟವನ್ನು ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಬೇಕು, 7ರಿಂದ 10 ದಿನ ಹಿಡಿಯುತ್ತದೆ. ಕೋಳಿ ಕೊಡುವುದಾದರೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಬೇಡ, ಒಂದೆರಡು ದಿನ ಸಾಕು. ಬರೀ ಕೋಳಿ ತಿಂದು ಬೆಳೆಯುವ ಮರಿಗೆ ಕ್ಯಾಲ್ಸಿಯಂ ಸಾಲುವುದಿಲ್ಲ.

ಹಾಲಿನ ವಿಷಯಕ್ಕಂತೂ ಜಗಳವೇ ಆಗುತ್ತದೆ. ಬೆಕ್ಕು ಅಂದರೆ ಹಾಲು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ತಾಯಿ ಹಾಲು ಬಿಟ್ಟ ಮೇಲೆ ಲ್ಯಾಕ್ಟೋಸ್, ಅಂದರೆ ಹಾಲಿನಲ್ಲಿರುವ ಸಕ್ಕರೆ, ಜೀರ್ಣಿಸುವ ಶಕ್ತಿ ಕಡಿಮೆಯಾಗುತ್ತಾ ಬರುತ್ತದೆ, ಜೀರ್ಣವಾಗದ್ದು ಕರುಳಿನಲ್ಲಿ ನೀರು ಎಳೆದುಕೊಂಡು ಭೇದಿಯಾಗುತ್ತದೆ. ಇಷ್ಟಪಟ್ಟು ಕುಡಿಯುತ್ತಲ್ವಾ ಅಂದರೆ, ಅದು ದಾರ ನುಂಗುವುದೂ ಇಷ್ಟಪಟ್ಟೇ.

ನನ್ನ ಪ್ರಕಾರ ಲಿಟರ್ ಬಾಕ್ಸನ್ನೇ, ಅಂದರೆ ಮರಿ ಕಕ್ಕಸು ಮಾಡುವ ಪೆಟ್ಟಿಗೆಯನ್ನೇ, ದಿಟ್ಟಿಸುವುದಕ್ಕಿಂತ ಮರಿಯನ್ನು ನೋಡುವುದು ಮುಖ್ಯ. ತುಟಿ ಎತ್ತಿ ವಸಡಿನ ಮೇಲೆ ಬೆರಳಿಡಿ. ಒದ್ದೆಯಾಗಿ ಜಾರಬೇಕು. ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಈ ಪರೀಕ್ಷೆಯಲ್ಲಿ ಕಚ್ಚಿಸಿಕೊಂಡರೆ ಖುಷಿಪಡಿ, ಕಚ್ಚುವಷ್ಟು ಶಕ್ತಿ ಇದೆ ಅಂತ ಅರ್ಥ. ಓಡಾಡಿಕೊಂಡು, ಆಡಿಕೊಂಡು, ತಿಂದುಕೊಂಡು ಇರುವ ಮರಿಗೆ ಮಲ ಸ್ವಲ್ಪ ತೆಳ್ಳಗಾಗಿದ್ದರೆ ಒಂದು ದಿನ ಕಾಯಬಹುದು. ಆದರೆ ಊಟ ಬಿಟ್ಟು ಮುದುರಿ ಕೂತಿದ್ದರೆ, ಜೊತೆಗೆ ವಾಂತಿ ಇದ್ದರೆ, ಮಲದಲ್ಲಿ ರಕ್ತ ಕಂಡರೆ, ತೀರಾ ಪುಟ್ಟ ಮರಿಯಾಗಿದ್ದರೆ, ಅದರಲ್ಲೂ ಲಸಿಕೆ ಆಗಿಲ್ಲದಿದ್ದರೆ, ನಾಳೆ ನೋಡೋಣ ಅನ್ನಬೇಡಿ. ಪ್ಯಾನ್‌ಲ್ಯುಕೋಪೀನಿಯಾ ಅನ್ನುವ ವೈರಸ್ ಕಾಯಿಲೆ ಹೀಗೇ ಶುರುವಾಗಿ ಮರಿಯನ್ನು ಬೇಗ ಕೊಲ್ಲುತ್ತದೆ.

ಹೊಟ್ಟೆಗೆ ರೆಸ್ಟ್ ಕೊಡಿ ಅಂತ ಉಪವಾಸ ಕೆಡವುವವರೂ ಇದ್ದಾರೆ. ದೊಡ್ಡವರ ಲೆಕ್ಕ ಮರಿಗೆ ಹಾಕಬೇಡಿ. ಅಷ್ಟು ಸಣ್ಣ ಮೈಯಲ್ಲಿ ಸಕ್ಕರೆ ಅಂಶ ಬೇಗ ಇಳಿದುಬಿಡುತ್ತದೆ. ನಮ್ಮ ಮಾತ್ರೆಗಳೂ ಬೇಡ. ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸತ್ತೇ ಹೋಗಬಹುದು, ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಇನ್ನು ನನ್ನ ದೊಡ್ಡ ತಕರಾರು. ಮಲ ಪರೀಕ್ಷೆ ಮಾಡಿಸದೆ ಸುಮ್ನೆ ಆಂಟಿಬಯೋಟಿಕ್ ಕೊಡುವುದು. ನಮ್ಮ ಮರಿಗೂ ಹಾಗೇ ಆಯಿತು. ಸಿರಪ್ ಕೊಟ್ಟಷ್ಟು ದಿನ ಸರಿಯಿತ್ತು, ನಿಲ್ಲಿಸಿದ ಮೇಲೆ ಮತ್ತೆ ಶುರು. ಬೇರೆ ಡಾಕ್ಟರ್ ಮೊದಲು ಕೇಳಿದ್ದೇ ಸ್ಯಾಂಪಲ್, ನೋಡಿದರೆ ಕಾಕ್ಸಿಡಿಯಾ. ಡಿವರ್ಮಿಂಗ್ ಆಗಿದೆಯಲ್ಲ ಅಂತ ನಾವು ನೆಮ್ಮದಿಯಾಗಿದ್ದೆವು, ಆದರೆ ಜಂತುಹುಳದ ಮಾಮೂಲಿ ಔಷಧಿ ಕಾಕ್ಸಿಡಿಯಾಗೆ ತಾಗುವುದೇ ಇಲ್ಲ. ಅದು ಹುಳವಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿ. ಅದಕ್ಕೆ ಬೇರೆಯೇ ಔಷಧಿ. ಅಂಥದ್ದೇ ಇನ್ನೊಂದು ಏಕಕೋಶ ಜೀವಿ ಜಿಯಾರ್ಡಿಯಾ ಇನ್ನೂ ಕಿಲಾಡಿ. ಪ್ರತಿ ಸಲದ ಮಲದಲ್ಲೂ ಸಿಗುವುದಿಲ್ಲ, ಹಾಗಾಗಿ ಒಂದು ರಿಪೋರ್ಟ್ ನೆಗೆಟಿವ್ ಬಂತು ಅಂತ ಬಿಟ್ಟುಬಿಡಬಾರದು, ಬೇರೆ ಬೇರೆ ದಿನದ ಸ್ಯಾಂಪಲ್ ನೋಡಿಸಬೇಕು. ಸ್ಯಾಂಪಲ್ ಅವತ್ತಿನದೇ ಆಗಿರಲಿ, ಮುಚ್ಚಳ ಇರುವ ಡಬ್ಬಿಯಲ್ಲಿ, ಲಿಟರ್ ಕಲ್ಲು ಜಾಸ್ತಿ ಸೇರದ ಹಾಗೆ. ಔಷಧಿ ನಡೆಯುತ್ತಿರುವಾಗ ಲಿಟರನ್ನು ದಿನಾ ತೆಗೆಯಿರಿ, ಹಿಂಭಾಗದ ಕೂದಲಿಗೆ ಮೆತ್ತಿದ್ದನ್ನು ಒರೆಸಿ. ಇಲ್ಲದಿದ್ದರೆ ಮೈ ನೆಕ್ಕಿಕೊಂಡು ಅದೇ ರೋಗವನ್ನು ಮತ್ತೆ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.