ಬಣ್ಣ ನೋಡಿ ಬಂಬಲ್‌ಬೀಗೆ ಹೆಸರಿಡೋಕೆ ಹೋಗ್ಬೇಡಿ

ಹೋದ ವಾರ ಹಿತ್ತಲಲ್ಲಿ ಒಂದು ವಿಚಿತ್ರ ಬಂಬಲ್‌ಬೀ (ಜೇನ್ನೊಣದ ಬಳಗದ, ಮೈತುಂಬ ತುಪ್ಪಟ ಇರೋ ದಪ್ಪ ಹುಳ) ಕಾಣಿಸ್ತು. ಮೈಯೆಲ್ಲ ಒಣಹುಲ್ಲಿನ ಬಣ್ಣ, ಬೆನ್ನ ಮೇಲೆ ಬೋಳು, ಇಂಥದ್ದು ನೋಡೇ ಇಲ್ವಲ್ಲ ಅಂತ ಓಡಿಹೋಗಿ ಫೋನ್ ತಂದು ಮೂರು ಫೋಟೋ ತೆಗೆದು ಆ್ಯಪ್‌ಗೆ ಹಾಕಿದ್ರೆ ಮೂರಕ್ಕೂ ಮೂರು ಹೆಸರು ಕೊಡ್ತು! ಒಂದೇ ಹುಳ ಸ್ವಾಮಿ, ಕೂತ ಹೂವಿಂದ ಕದಲಿರಲೂ ಇಲ್ಲ.

ನನಗನ್ಸೋದು, ತೋಟದಲ್ಲಿ ನಾವು ಅಪರೂಪದ್ದು ಅಂತ ಕುಣಿದಾಡೋ ಬಂಬಲ್‌ಬೀಗಳಲ್ಲಿ ಬಹಳಷ್ಟು ಮಾಮೂಲಿ ಹುಳಾನೇ, ವಯಸ್ಸಾಗಿರುತ್ತೆ ಅಷ್ಟೆ. ಬಿಸಿಲಿಗೆ ತುಪ್ಪಟ ಮಾಸುತ್ತೆ, ಹೂವೊಳಗೆ ನುಗ್ಗಿ ನುಗ್ಗಿ ಕೂದಲು ಉದುರುತ್ತೆ. ಸಾಲದ್ದಕ್ಕೆ ಒಂದೇ ಜಾತಿಯಲ್ಲಿ ರಾಣಿ ದಪ್ಪ, ಕೆಲಸಗಾರ್ತಿ ಸಣ್ಣ, ಗಂಡಿನ ಬಣ್ಣ ಎಷ್ಟೋ ಸಲ ಬೇರೇನೇ. ಪ್ರಪಂಚದಲ್ಲಿ 250ಕ್ಕೂ ಹೆಚ್ಚು ಜಾತಿ ಇವೆ, ಅದ್ರಲ್ಲಿ ಎಷ್ಟೋ ಜಾತಿಗೆ ಅದೇ ಕಪ್ಪು ಹಳದಿ ಪಟ್ಟೆ ಯೂನಿಫಾರ್ಮು.

ನಮ್ಮ ಭಾಷೆ ಬೇರೆ ಸ್ವಲ್ಪ ದಾರಿ ತಪ್ಪಿಸುತ್ತೆ. ದಪ್ಪಗಿದ್ದು ಗುಂಯ್ ಅಂದಿದ್ದೆಲ್ಲ ನಮಗೆ ದುಂಬಿ! ಮರ ಕೊರೆಯೋ ಕಪ್ಪು ದುಂಬಿ ಬಂಬಲ್‌ಬೀ ಅಲ್ಲ, ಅದು ಕಾರ್ಪೆಂಟರ್ ಬೀ. ಅದರ ಹೊಟ್ಟೆ ಸಾಮಾನ್ಯವಾಗಿ ಬೋಳು, ಪಾಲಿಶ್ ಹೊಡೆದ ಹಾಗೆ ಮಿರಮಿರ ಮಿಂಚುತ್ತೆ, ಬಂಬಲ್‌ಬೀಗೆ ಹೊಟ್ಟೆ ಮೇಲೂ ತುಪ್ಪಟ. ಭಾರತದಲ್ಲಿ ಬಂಬಲ್‌ಬೀ ಇರೋದು ಹಿಮಾಲಯ, ಈಶಾನ್ಯದ ಬೆಟ್ಟಗಳ ಕಡೆ, ತಂಪು ಬೇಕು ಅದಕ್ಕೆ. ಇನ್ನು ಕೆಲವು ಹೂನೊಣಗಳು ಬಂಬಲ್‌ಬೀ ವೇಷ ಹಾಕ್ಕೊಂಡೇ ಓಡಾಡ್ತಾವೆ. ರೆಕ್ಕೆ ಎರಡೇ ಇದ್ದು, ಆಂಟೆನಾ ಮೋಟು, ಕಣ್ಣು ಮುಖದ ತುಂಬ ಇದ್ರೆ ಅದು ನೊಣ.

ಇದೆಲ್ಲ ಅಲ್ಲ ಅಂತಾದ್ಮೇಲೆ ಹಿಂಗಾಲು ನೋಡಿ, ನನ್ನ ಪ್ರಕಾರ ಅರ್ಧ ಕತೆ ಅಲ್ಲೇ ಇದೆ. ಗೂಡಿಗೆ ದುಡಿಯೋ ಹೆಣ್ಣಿನ ಹಿಂಗಾಲಲ್ಲಿ ನುಣುಪಾದ, ಹೊಳೆಯೋ, ಚಪ್ಪಟೆ ಜಾಗ ಇರುತ್ತೆ, ಸುತ್ತ ಉದ್ದ ಕೂದಲಿನ ಬೇಲಿ, ಅದೇ ಪರಾಗದ ಬುಟ್ಟಿ. ಅಲ್ಲೂ ಕೂದಲೇ ಇದ್ದು, ರೆಕ್ಕೆ ಮಬ್ಬುಗಪ್ಪಾಗಿ, ಮೈತುಪ್ಪಟ ವಿರಳವಾಗಿದ್ರೆ ಕುಕ್ಕೂ ಬಂಬಲ್‌ಬೀ ಇರಬಹುದು. ಕೋಗಿಲೆ ಕಾಗೆ ಗೂಡಲ್ಲಿ ಮೊಟ್ಟೆ ಇಟ್ಟು ಹಾರಿಹೋಗುತ್ತಲ್ಲ, ಇದು ಅದಕ್ಕಿಂತ ಗಟ್ಟಿಗಿತ್ತಿ, ಬೇರೆ ಜಾತಿ ಗೂಡಿಗೆ ನುಗ್ಗಿ ಅಲ್ಲೇ ಠಿಕಾಣಿ ಹೂಡಿ ಅಲ್ಲಿನ ಕೆಲಸಗಾರರ ಕೈಯಲ್ಲೇ ತನ್ನ ಮಕ್ಕಳನ್ನ ಸಾಕಿಸಿಕೊಳ್ಳುತ್ತೆ, ಇದಕ್ಕೆ ಸ್ವಂತ ಕೆಲಸಗಾರರೇ ಇಲ್ಲ. ಆದ್ರೆ ಗಂಡಿಗೂ ಬುಟ್ಟಿ ಇರಲ್ಲ, ಹಾಗಾಗಿ ಆಂಟೆನಾ ಎಣಿಸಬೇಕು, ಗಂಡಿಗೆ 13 ಗೆಣ್ಣು, ಹೆಣ್ಣಿಗೆ 12. ಫೋಟೋ ಶಾರ್ಪ್ ಇದ್ರೆ ಜೂಮ್ ಮಾಡಿ ಎಣಿಸಬಹುದು, ನಾನು ಎಣಿಸಿದೀನಿ, ಮನೇಲಿ ನಗ್ತಾರೆ.

ಹಾಗಂತ ಬಣ್ಣ ಪೂರ್ತಿ ದಂಡ ಅಂತಲೂ ಅಲ್ಲ. ಬ್ರಿಟನ್‌ನಲ್ಲಿ 2001ರಲ್ಲಿ ಮೊದಲ ಸಲ ಟ್ರೀ ಬಂಬಲ್‌ಬೀ ಕಾಣಿಸ್ಕೊಂಡಾಗ ಕಂದುಗೆಂಪು ಎದೆ, ಕಪ್ಪು ಹೊಟ್ಟೆ, ಬಿಳಿ ಬಾಲ, ಇಂಥ ಜೋಡಣೆ ಅಲ್ಲಿ ಬೇರೆ ಯಾವುದಕ್ಕೂ ಇರಲಿಲ್ಲ. ಈಗ ಅದು ಅಲ್ಲಿ ಹಕ್ಕಿಗೂಡಿನ ಪೆಟ್ಟಿಗೇಲೂ ಸಂಸಾರ ಹೂಡುತ್ತೆ. ಅದೇ ಬ್ರಿಟನ್‌ನಲ್ಲಿ ಬಫ್-ಟೇಲ್ಡ್, ವೈಟ್-ಟೇಲ್ಡ್ ಅಂತ ಎರಡು ಮಾಮೂಲಿ ಜಾತಿ ಇವೆ, ಅವುಗಳ ಕೆಲಸಗಾರರನ್ನ ಬರೀ ನೋಡಿ ಖಚಿತವಾಗಿ ಬೇರೆ ಮಾಡೋಕೆ ಪಳಗಿದವರಿಗೂ ಆಗಲ್ಲ. ಅವರೇ "ಎರಡರಲ್ಲಿ ಒಂದು" ಅಂತ ಬರೆದು ಸುಮ್ನಾಗ್ತಾರೆ, ಕಾಮೆಂಟಲ್ಲಿ ನಾವು ಮಾತ್ರ ಹೆಸರಿಗೋಸ್ಕರ ಜಗಳ ಆಡ್ತೀವಿ. ಹೆಸರು ಬೇಕು ಅಂತ ಹುಳ ಹಿಡಿದು ಸಾಯಿಸೋದಂತೂ ಬೇಡವೇ ಬೇಡ. ಮೇಲಿಂದ ಒಂದು, ಪಕ್ಕದಿಂದ ಹಿಂಗಾಲು ಕಾಣೋ ಹಾಗೆ ಒಂದು, ಮುಖದ್ದೊಂದು ಫೋಟೋ ಸಾಕು.

ನನ್ನ ಹುಳದ್ದು ಏನಾಯ್ತು ಅಂದ್ರೆ, ಬುಟ್ಟಿ ಇಲ್ಲ, ಮುಖದ ಮೇಲೆ ಮಾಸಿದ ಹಳದಿ ಕೂದಲು, ಆಂಟೆನಾದಲ್ಲಿ 13 ಗೆಣ್ಣು. ಮುದಿ ಗಂಡು! ಒಂದ್ಸಲ ಗೂಡು ಬಿಟ್ಟ ಗಂಡು ಸಾಮಾನ್ಯವಾಗಿ ವಾಪಸ್ ಹೋಗಲ್ಲ, ರಾತ್ರಿ ಹೂವಿಗೇ ತಗಲಿಕೊಂಡು ಮಲಗುತ್ತೆ. ಜಾತಿ ಕಾಲಂ ಖಾಲಿ ಬಿಟ್ಟಿದೀನಿ. ಮಾರನೇ ಬೆಳಿಗ್ಗೆ ಹೋಗಿ ನೋಡಿದ್ರೆ ಅದೇ ಹೂವಿನ ಅಡಿಯಲ್ಲಿ ತಲೆಕೆಳಗಾಗಿ, ಮೈಮೇಲೆಲ್ಲ ಇಬ್ಬನಿ, ಇನ್ನೂ ನಿದ್ದೆ ಹೊಡೀತಿತ್ತು.