ಉದ್ದ ನಳಿಕೆಯ ಮೋಹ

ಸಂಡೂರಿನ ಸೋದರಮಾವ ಮೊನ್ನೆ ವಿಡಿಯೊ ಕಾಲ್‌ನಲ್ಲಿ ನನ್ನ ರಿವಾಲ್ವರ್ ನೋಡಿದರು. ಇಲ್ಲಿ ಅಲಾಸ್ಕದಲ್ಲಿ ಮೀನು ಹಿಡಿಯಲು ಹೋಗುವಾಗ ಕರಡಿ ಭಯಕ್ಕೆ ಇಟ್ಟುಕೊಳ್ಳುವಂಥದ್ದು. "ಅಷ್ಟು ರೊಕ್ಕ ಕೊಟ್ಟು ಇಷ್ಟು ಗಿಡ್ಡಂದು ತಂದಿಯಲ್ಲಪ್ಪ, ಉದ್ದಂದು ಸಿಗಲಿಲ್ಲೇನು?" ಅಂದರು. ಪಕ್ಕದಲ್ಲಿದ್ದವರೆಲ್ಲ ನಕ್ಕರು. ನನಗೆ ಚುಚ್ಚಿತು. ನಳಿಕೆ ಯಾಕೆ ನಾಲ್ಕೇ ಇಂಚು ಅಂತ ಕೇಳಿದ್ದರೆ ಖುಷಿಯಿಂದ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ಆಂಕರೇಜ್‌ನ ಅಂಗಡಿಯಲ್ಲಿ ಒಬ್ಬ ಹಿರಿಯರು ಬರೀ ನನ್ನ ಕೆಲಸದ ಬಗ್ಗೆಯೇ ಕೇಳಿದ್ದರು. ಎಲ್ಲಿ ನಡೆಯುತ್ತೀಯ? ಬೆನ್ನ ಮೇಲೆ ಏನಿರುತ್ತದೆ? ಸೊಂಟಕ್ಕೆ ಏನು ಕಟ್ಟಿರುತ್ತೀಯ? ನೀರಿಗೆ ಇಳಿಯುತ್ತೀಯಾ? ಇಷ್ಟೆಲ್ಲ ಕೇಳಿದ ಮೇಲೇ ಗಾಜಿನ ಕಪಾಟಿನ ಬೀಗ ತೆಗೆದದ್ದು. ಎರಡೂವರೆ, ನಾಲ್ಕು, ಆರು, ಏಳೂವರೆ ಇಂಚು, ಎಲ್ಲವೂ ಅಲ್ಲಿದ್ದವು. ಕೀನಾಯ್ ನದಿಯಲ್ಲಿ ಸಾಲ್ಮನ್ ಮೀನು ಹಿಡಿಯೋದು ಅಂದೆ. ಉದ್ದದ್ದನ್ನೆಲ್ಲ ಪಕ್ಕಕ್ಕೆ ಸರಿಸಿದರು.

ಕಾರಣ ಸರಳ. ನದಿಗಿಳಿಯಲು ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು ಹಾಕುತ್ತೇವೆ. ಸೊಂಟಕ್ಕೆ ಕಟ್ಟಿದ್ದು ನೀರಲ್ಲಿ ಮುಳುಗುತ್ತದೆ. ಬ್ಯಾಗಿನ ಬೆಲ್ಟೂ ಅಲ್ಲೇ ಬರುತ್ತದೆ. ಹಾಗಾಗಿ ಎದೆಗೆ ಅಡ್ಡವಾಗಿ ಕಟ್ಟುವ ಚರ್ಮದ ಚೀಲವೇ ಸರಿ. ಅದರಲ್ಲಿ ಆರು ಇಂಚಿನದು ಕೂರುತ್ತದೆ, ನಿಜ. ಆದರೆ ಬಗ್ಗಿದಾಗ ಚುಚ್ಚುತ್ತದೆ, ಎಳೆಯುವಾಗ ಕೈ ಇನ್ನಷ್ಟು ದೂರ ಹೋಗಬೇಕು. ಕಂದು ಕರಡಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಹದಿನೈದು ಮೀಟರ್ ದೂರದಿಂದ ಬಂದರೆ ಸಿಗೋದು ಒಂದು ಸೆಕೆಂಡು.

ಹಾಗಂತ ಎರಡೂವರೆ ಇಂಚೇ ಒಳ್ಳೆಯದು ಅನ್ನಲೂ ಆಗದು. ಗಿಡ್ಡ ನಳಿಕೆಯಲ್ಲಿ ಮದ್ದು ಪೂರ್ತಿ ಉರಿಯುವ ಮೊದಲೇ ಗುಂಡು ಹೊರಗೆ ಬರುತ್ತದೆ. ವೇಗ ಕಡಿಮೆ, ಸದ್ದು ಮತ್ತು ಬೆಂಕಿ ಜಾಸ್ತಿ. ಗುರಿ ಹಿಡಿಯಲು ನಳಿಕೆಯ ತುದಿಯಲ್ಲಿರುವ ಗುರುತಿಗೂ ಹಿಂದಿನ ಗುರುತಿಗೂ ಅಂತರ ಕಡಿಮೆ, ಹಾಗಾಗಿ ಅವೆರಡರ ಸಾಲು ಸ್ವಲ್ಪ ತಪ್ಪಿದರೂ ಗುಂಡು ಬಹಳ ಪಕ್ಕಕ್ಕೆ ಹೋಗುತ್ತದೆ. ಗಿಡ್ಡದ್ದು ಹಗುರ ಅನ್ನೋದೂ ಯಾವಾಗಲೂ ನಿಜವಲ್ಲ. ರುಗರ್ ಕಂಪನಿಯ 'ಅಲಾಸ್ಕನ್' ನಳಿಕೆ ಎರಡೂವರೆ ಇಂಚು, ದೊಡ್ಡ ಗುಂಡಿನ .44 ಮ್ಯಾಗ್ನಮ್‌ನಲ್ಲಿ ತೂಕ ಹತ್ತಿರ ಹತ್ತಿರ 1.3 ಕಿಲೋ. ಸ್ಮಿತ್ ಅಂಡ್ ವೆಸನ್‌ನ ನಾಲ್ಕು ಇಂಚಿನ 629 ಮಾದರಿ ಅದಕ್ಕಿಂತ ಹಗುರ. ಅದೇ ಕಂಪನಿಯ 700 ಗ್ರಾಂ ಆಸುಪಾಸಿನ 329 ಮಾದರಿಯೂ ಬರುತ್ತದೆ. ದಿನವಿಡೀ ಹೊತ್ತರೂ ಗೊತ್ತಾಗದು. ಆದರೆ ಒಂದು ಗುಂಡು ಹಾರಿಸಿದರೆ ಅಂಗೈ ಉರಿಯುತ್ತದೆ, ಎರಡನೇ ಗುಂಡಿಗೆ ಮನಸ್ಸೇ ಬರುವುದಿಲ್ಲ.

ಒಂದು ನಳಿಕೆಯ ಬಗ್ಗೆ ಇಷ್ಟು ಯೋಚನೆ. ಎಲ್ಲ ಯೋಚನೆಯೂ ಹೊರುವವನ ಕೆಲಸದಿಂದ ಶುರುವಾಗುತ್ತದೆ. ನನಗೆ ಇಲ್ಲಿ ಹಿಡಿಸಿದ್ದು ಇದು.

ನಮ್ಮ ಕಡೆ ರಿವಾಲ್ವರ್ ಯಾರ ಹತ್ತಿರ ಇರುತ್ತದೆ? ಗಣಿ ಧೂಳಿನಲ್ಲಿ ದುಡ್ಡು ಮಾಡಿದವರ ಸೊಂಟದಲ್ಲಿ. ಜುಬ್ಬಾ ಸ್ವಲ್ಪ ಸರಿದಾಗ ಕಾಣಬೇಕು, ಅಷ್ಟೇ ಅದರ ಕೆಲಸ. ಮದುವೆ ಮೆರವಣಿಗೆಯಲ್ಲಿ ಆಕಾಶಕ್ಕೆ ಹಾರಿಸಿ ಜನರ ಜೀವಕ್ಕೆ ಕುತ್ತು ತಂದವರು ಎಷ್ಟೋ ಮಂದಿ. 2019ರಲ್ಲಿ ಆಯುಧ ಕಾಯ್ದೆ ತಿದ್ದಿ, ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಂತ ಬರೆಯಬೇಕಾಯಿತು. ತೋರಿಸೋದಕ್ಕೆ ಇಟ್ಟುಕೊಂಡವರಿಗೆ ಉದ್ದದ್ದೇ ಚಂದ, ಅಲ್ವಾ?

ಕರಡಿ ನಿಜಕ್ಕೂ ಎದುರಾಗೋದು ಬೇರೆಯವರಿಗೆ. ನಮ್ಮ ಕಡೆಯ ದರೋಜಿ ಕರಡಿಧಾಮ ಆದದ್ದು 1994ರಲ್ಲಿ. ಬಂಡೆಗೆ ಬೆಲ್ಲದ ಪಾಕ ಸವರಿ ಸಂಜೆ ಕರಡಿ ತೋರಿಸುತ್ತಾರೆ, ಪ್ರವಾಸಿಗಳು ವೀಕ್ಷಣಾ ಗೋಪುರದಿಂದ ಫೋಟೊ ತೆಗೆಯುತ್ತಾರೆ. ಕರಡಿಗೆ ಧಾಮದ ಗಡಿ ಗೊತ್ತಿಲ್ಲ. ಶೇಂಗಾ, ಮೆಕ್ಕೆಜೋಳದ ಹೊಲಕ್ಕೂ ಬರುತ್ತದೆ. ತ್ರೀಫೇಸ್ ಕರೆಂಟು ಕೊಡೋದು ಎಷ್ಟೋ ಸಲ ರಾತ್ರಿ ಹೊತ್ತು. ಮೋಟರ್ ಚಾಲೂ ಮಾಡಲು ಹೊರಟವನ ಕೈಯಲ್ಲಿ ಒಂದು ಬ್ಯಾಟರಿ, ಒಂದು ಕೋಲು. ಅವನನ್ನು ಯಾರೂ ಕೂರಿಸಿಕೊಂಡು ಕೇಳಿಲ್ಲ: ಎಲ್ಲಿ ನಡೀತೀಯ, ಎಷ್ಟು ಹೊತ್ತಿಗೆ, ಕೈಯಲ್ಲಿ ಏನಿರುತ್ತೆ ಅಂತ. ಬೆಳೆ ರಕ್ಷಣೆಗೆ ಲೈಸೆನ್ಸ್ ಬಂದೂಕು ಇದ್ದವನೂ ಚುನಾವಣೆ ಬಂದಾಗ ಬಹಳ ಸಲ ಅದನ್ನು ಠಾಣೆಗೆ ಕೊಟ್ಟು ಬರಬೇಕಾಗುತ್ತದೆ. ಮುಖ ಹರಿಸಿಕೊಂಡು ಆಸ್ಪತ್ರೆ ಸೇರಿದವರನ್ನು ನಮ್ಮೂರಲ್ಲೇ ನೋಡಿದ್ದೇನೆ. ನಮ್ಮ ಕರಡಿ ಎರಗೋದು ಮುಖಕ್ಕೇ, ತಲೆಗೇ. ಆ ಗಾಯ ನೋಡಿದವನಿಗೆ ಗೋಪುರದ ಫೋಟೊ ಹಿಡಿಸುವುದಿಲ್ಲ.

ಹಾಗಾದರೆ ಎಲ್ಲರಿಗೂ ನಾಲ್ಕು ಇಂಚಿನ ರಿವಾಲ್ವರ್ ಕೊಡೋಣವೇ? ಬೇಡ. ಇಷ್ಟವಿಲ್ಲದಿದ್ದರೂ ಒಪ್ಪಲೇಬೇಕಾದ ಮಾತಿದೆ. ಇಲ್ಲಿನ ಗಂಡು ಕಂದು ಕರಡಿ 300 ಕಿಲೋ ದಾಟುತ್ತದೆ, ಬಯಲಲ್ಲಿ ದೂರದಿಂದಲೇ ಕಾಣುತ್ತದೆ. ನಮ್ಮದು 150 ಕಿಲೋ ದಾಟೋದು ಅಪರೂಪ. ಆದರೆ ಕತ್ತಲಲ್ಲಿ, ಬಂಡೆ ಸಂದಿಯಿಂದ, ನಾಲ್ಕು ಹೆಜ್ಜೆ ದೂರದಿಂದ ನುಗ್ಗುತ್ತದೆ. ಅಷ್ಟರಲ್ಲಿ ಎರಡೂವರೆ ಇಂಚಿನದೂ ಚೀಲದಿಂದ ಹೊರಬರುವುದಿಲ್ಲ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಆಯುಧ ಒಯ್ಯುವಂತೆಯೂ ಇಲ್ಲ. ಇಲ್ಲಿ ಅಲಾಸ್ಕದಲ್ಲೂ ಮೊದಲು ಕೈ ಹೋಗೋದು ಖಾರದ ಸ್ಪ್ರೇ ಡಬ್ಬಿಗೆ. ಒಂಬತ್ತು ಮೀಟರ್‌ನಷ್ಟು ದೂರ ಹಾರುತ್ತದೆ, ಗುರಿ ಅಷ್ಟು ಪಕ್ಕಾ ಇರಬೇಕಿಲ್ಲ. ನಾನೂ ಅದನ್ನು ಎದೆಯ ಇನ್ನೊಂದು ಪಕ್ಕಕ್ಕೆ ಕಟ್ಟಿಕೊಳ್ಳುತ್ತೇನೆ.

ನಮ್ಮ ಕುರಿ ಕಾಯುವವರು ಗುಡ್ಡದಲ್ಲಿ ಕೂಗು ಹಾಕುತ್ತಾ, ಕೋಲನ್ನು ಬಂಡೆಗೆ ಬಡಿಯುತ್ತಾ, ನಾಯಿ ಮುಂದೆ ಬಿಟ್ಟುಕೊಂಡು ನಡೆಯುತ್ತಾರೆ. ಅಲಾಸ್ಕದವರೂ ಮಕ್ಕಳಿಗೆ ಹೇಳಿಕೊಡೋದು ಅದೇ, ಸದ್ದು ಮಾಡುತ್ತಾ ನಡಿ ಅಂತ. ನಮ್ಮ ಕುರಿ ಕಾಯುವವರ ಕೋಲು, ಕೊಡಲಿ ಕಾವಿನ ಉದ್ದವೂ ಕೆಲಸಕ್ಕೆ ತಕ್ಕಂತೆಯೇ ಇರುತ್ತದೆ. ತೋರಿಸೋಕೆ ಯಾರೂ ಉದ್ದ ಮಾಡಿಸಿಕೊಳ್ಳುವುದಿಲ್ಲ. ಆ ವಿಷಯದಲ್ಲಿ ಅಂಗಡಿಯ ಹಿರಿಯರೂ ಅವರೂ ಒಂದೇ. ನಮ್ಮ ರೈತರಿಗೆ ಈಗ ಬೇಕಾಗಿರೋದು ಬಂದೂಕಲ್ಲ, ಹಗಲು ಹೊತ್ತಿನ ತ್ರೀಫೇಸ್ ಕರೆಂಟು. ಮೋಟರ್ ಬೆಳಿಗ್ಗೆ ಹತ್ತಕ್ಕೆ ಓಡಿದರೆ ಕರಡಿ ಅಷ್ಟೊತ್ತಿಗೆ ಗವಿಯಲ್ಲಿ ಮಲಗಿರುತ್ತದೆ.