ಸ್ಪಷ್ಟನೆ: ಜಾಹೀರಾತೂ ಐದು ನಕ್ಷತ್ರಗಳೂ ಅಂಗಡಿಗೆ ಜಾಮೀನಲ್ಲ

‘ಫೇಸ್‌ಬುಕ್, ಗೂಗಲ್‌ಗಳಲ್ಲಿ ಜಾಹೀರಾತು ಬಂದಿದೆ, ವಿಳಾಸದ ಪಕ್ಕ ಬೀಗದ ಚಿಹ್ನೆಯಿದೆ, ಎಲ್ಲರೂ ಐದು ನಕ್ಷತ್ರ ಕೊಟ್ಟಿದ್ದಾರೆ ಎಂದರೆ ಆ ಆನ್‌ಲೈನ್ ಅಂಗಡಿಯನ್ನು ಕಣ್ಣುಮುಚ್ಚಿ ನಂಬಬಹುದು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ನಂಬಿದವರು ಹಣ ಕಳೆದುಕೊಳ್ಳುವ ಅಪಾಯವಿರುವುದರಿಂದ ಸುಮ್ಮನಿರಲಾಗದು.

ಜಾಹೀರಾತು ಎಂಬುದು ಹಣ ಕೊಟ್ಟು ಪಡೆದ ಜಾಗ. ಅಲ್ಲಿ ನಡೆಯುವ ಪರಿಶೀಲನೆ ಬಹುಪಾಲು ಯಂತ್ರದ್ದು. ಸರಕನ್ನು ಯಾರೂ ತರಿಸಿ ನೋಡುವುದಿಲ್ಲ. ಬೀಗದ ಚಿಹ್ನೆ ಹೇಳುವುದು ಸಂಪರ್ಕ ಗೂಢಲಿಪಿಯಲ್ಲಿದೆ, ಅಂದರೆ ನಡುವೆ ಬೇರೆಯವರು ಓದಲಾಗದು ಎಂದಷ್ಟೇ. ವಂಚಕರಿಗೂ ಅದು ಪುಕ್ಕಟೆಯಾಗಿ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ ಬ್ರೌಸರ್ 2023ರಲ್ಲಿ ಆ ಚಿಹ್ನೆಯನ್ನು ಬದಲಿಸಿತು.

ವಿಮರ್ಶೆಗಳ ವಿಷಯ ಇನ್ನೂ ಸೂಕ್ಷ್ಮ. ಅಂಗಡಿಯ ಸ್ವಂತ ತಾಣದಲ್ಲಿರುವ ವಿಮರ್ಶೆಗಳಲ್ಲಿ ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದು ಅಂಗಡಿಯವರ ಕೈಯಲ್ಲೇ ಇರುತ್ತದೆ. ದೊಡ್ಡ ಮಾರಾಟ ತಾಣಗಳಲ್ಲೂ ಹಳೆಯ ಸರಕಿನ ಪುಟಕ್ಕೆ ಹೊಸ ಸರಕನ್ನು ಅಂಟಿಸುವವರಿದ್ದಾರೆ: ಮೇಲೆ ಇಯರ್‌ಫೋನ್‌ನ ಚಿತ್ರ, ಕೆಳಗೆ ‘ಬಟ್ಟೆ ಮೃದುವಾಗಿದೆ, ಬಣ್ಣ ಬಿಡಲಿಲ್ಲ’ ಎಂಬ ಮೆಚ್ಚುಗೆ! ಆದ್ದರಿಂದ ಸರಾಸರಿ ಅಂಕಿಯನ್ನು ಬಿಟ್ಟು ದಿನಾಂಕಗಳನ್ನು ನೋಡಿ. ಒಂದೇ ವಾರದಲ್ಲಿ ಒಂದೇ ಧಾಟಿಯ ಹೊಗಳಿಕೆ ಸುರಿದಿದ್ದರೆ ಅನುಮಾನಿಸಿ. ನನ್ನ ಮಟ್ಟಿಗೆ, ಎರಡು ಮೂರು ನಕ್ಷತ್ರ ಕೊಟ್ಟವರ ಮಾತೇ ಹೆಚ್ಚು ಉಪಯುಕ್ತ.

ಡೊಮೇನ್ (ತಾಣದ ವಿಳಾಸದ ಹೆಸರು) ಯಾವಾಗ ನೋಂದಣಿಯಾಯಿತು ಎಂಬುದನ್ನು ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ‘ದಶಕಗಳ ನಂಬಿಕೆ’ ಎನ್ನುವ ಅಂಗಡಿಯ ತಾಣ ಕಳೆದ ತಿಂಗಳು ಹುಟ್ಟಿದ್ದರೆ ಮುಂಗಡ ಪಾವತಿ ಬೇಡ.